ನೆಲಕ್ಕೆ ಕೆನ್ನೆಯಿಟ್ಟು ನೋಡುವವರು

ನಮ್ಮ ಭಾವ ಒಂದು ಮನೆಯ ನೆಲಕ್ಕೆ ಟೈಲ್ಸ್ ಹಾಕಿ ಮುಗಿಸಿದ ದಿನ ಆ ಮನೆಯವರನ್ನೆಲ್ಲ ಹೊರಗೆ ಕಳಿಸುತ್ತಿದ್ದರು. ಯಜಮಾನರಿರಲಿ, ಯಜಮಾನಿಯಿರಲಿ, ದಾಕ್ಷಿಣ್ಯ ಇರಲಿಲ್ಲ. "ಎರಡು ನಿಮಿಷ ಆಚೆ ಇರಿ" ಎಂದು ಬಾಗಿಲು ತೆರೆದಿಟ್ಟು, ಮಂಡಿಯೂರಿ, ಆಮೇಲೆ ಮೈಯನ್ನೇ ಚಾಚಿ, ಕೆನ್ನೆಯನ್ನು ನೆಲಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ ಬೆಳಕಿನ ಕಡೆ ನೋಡುತ್ತಿದ್ದರು. ಗಾಜಿನೊಳಗಿನ ಗುಳ್ಳೆ ನೋಡಿ ಮಟ್ಟ ಹೇಳುವ ರಸಮಟ್ಟದ ಕೋಲು ಅವರ ಚೀಲದಲ್ಲಿ ಇದ್ದೇ ಇರುತ್ತಿತ್ತು. ಆದರೆ ಕೋಲು ತನ್ನುದ್ದದ ಜಾಗದ ಸುಳ್ಳನ್ನು ಮಾತ್ರ ಹಿಡಿಯುತ್ತದೆ, ಇಡೀ ಕೋಣೆಯ ಸುಳ್ಳನ್ನು ಹಿಡಿಯಲು ಓರೆ ಬೆಳಕೇ ಬೇಕು ಎಂಬುದು ಅವರ ವಾದ. ಒಂದು ಟೈಲಿನ ಮೂಲೆ ಕೂದಲೆಳೆಯಷ್ಟು ಎದ್ದಿದ್ದರೂ ಅದರ ಹಿಂದೆ ನೆರಳು ಬೀಳುತ್ತದೆ. ನೆರಳು ಕಂಡರೆ ಆ ಟೈಲನ್ನು ಕಿತ್ತು, ಮತ್ತೆ ಕೂರಿಸಿ, ಮತ್ತೆ ಮಲಗಿ ನೋಡುವರು. ಕಾಣದಿದ್ದರೆ ಎದ್ದು ನಿಂತು, ಕೆನ್ನೆಯ ಧೂಳನ್ನೂ ಒರೆಸಿಕೊಳ್ಳದೆ "ಆಯ್ತು" ಎನ್ನುವರು. ಊರಲ್ಲಿ ಅವರಿಗೆ ಮಟ್ಟದ ಮೇಸ್ತ್ರಿ ಎಂಬ ಹೆಸರು ಬಿದ್ದಿತ್ತು.

ನಾನು ಸೈಕಲ್ ರಿಪೇರಿಯವನು. ಅಕ್ಕನ ಮನೆಯ ಹಿಂದಿನ ಓಣಿಯಲ್ಲೇ ನನ್ನ ಅಂಗಡಿ. ಭಾವನನ್ನು ಗೇಲಿ ಮಾಡುವ ಹಕ್ಕು ನನಗೆ ಅವರ ಮದುವೆಯ ದಿನವೇ ಬಂದದ್ದು, ಅದನ್ನು ನಾನು ಯಾವತ್ತೂ ಬಿಟ್ಟುಕೊಟ್ಟವನಲ್ಲ. ಆದರೆ ನೆಲಕ್ಕೆ ಕೆನ್ನೆಯಿಟ್ಟಾಗಿನ ಅವರ ಮುಖ ಕಂಡರೆ ನನ್ನ ಬಾಯಿ ಕಟ್ಟಿಹೋಗುತ್ತಿತ್ತು. ಸಿಡುಕು ಮೋರೆಯ ಮನುಷ್ಯ ಆ ಎರಡು ನಿಮಿಷ ಮಗುವಿನಂತಾಗಿಬಿಡುತ್ತಿದ್ದರು. ಅಕ್ಕನೂ ಒಂದೆರಡು ಸಲ ಬುತ್ತಿ ಕೊಡಲು ಹೋದಾಗ ಅದನ್ನು ನೋಡಿದ್ದಳು. "ಮನೆಗೆ ಬಂದ್ಮೇಲೆ ನನ್ನ ಮುಖಾನ ಒಂದಿನ ಹಾಗೆ ನೋಡಿದ್ರೆ ಸಾಕಿತ್ತು ಕಣೋ" ಎಂದು ನನ್ನ ಹತ್ತಿರ ನಕ್ಕಿದ್ದಳು. ನಗು ಅರ್ಧಕ್ಕೇ ನಿಂತಿತ್ತು.

ಊರಿಗೆಲ್ಲ ನೆಲ ಹಾಸಿದವರ ಸ್ವಂತ ಅಡುಗೆಮನೆಗೆ ಮಾತ್ರ ಬರೀ ಸಿಮೆಂಟು. ಅದೂ ಬಿರುಕು ಬಿಟ್ಟು, ಒಲೆಕಟ್ಟೆಯ ಮುಂದೆ ಒಂದು ಗುಳಿ ಬಿದ್ದು, ಗುಡಿಸಿದಷ್ಟೂ ಪುಡಿ ಏಳುತ್ತಿತ್ತು. ಮನೆ ಮನೆಯಲ್ಲೂ ಕೆಲಸ ಮುಗಿದ ಮೇಲೆ ಉಳಿದ ಒಂದೋ ಎರಡೋ ಟೈಲ್ಸನ್ನು ಮನೆಯವರು ಭಾವನಿಗೇ ಕೊಡುತ್ತಿದ್ದರು. ಅಕ್ಕ ಅವನ್ನೆಲ್ಲ ಹಳೇ ಬಟ್ಟೆಯಲ್ಲಿ ಸುತ್ತಿ ಮಂಚದ ಕೆಳಗೆ ಜೋಡಿಸುತ್ತಿದ್ದಳು. ನೀಲಿ, ಹಳದಿ, ಇಟ್ಟಿಗೆ ಕೆಂಪು, ಎಲೆಯ ಚಿತ್ತಾರದ್ದು, ಯಾರದೋ ಬಚ್ಚಲಿನ ಬಿಳಿ. ರಾಶಿ ಬೆಳೆದು ಮಂಚಕ್ಕೆ ತಾಗಿತು.

"ನಮ್ಮದು ಯಾವಾಗ ರೀ?"

"ಈ ಮನೆ ಒಂದು ಮುಗೀಲಿ."

ಈ ಮನೆ ಮುಗಿಯುತ್ತಿತ್ತು, ಇನ್ನೊಂದು ಮನೆ ಶುರುವಾಗುತ್ತಿತ್ತು. ದಿನವಿಡೀ ಮಂಡಿಯ ಮೇಲೆ ಸವೆದು ಬಂದವರಿಗೆ ಮನೆಯಲ್ಲಿ ಮತ್ತೆ ಮಂಡಿಯೂರುವ ಚೈತನ್ಯ ಎಲ್ಲಿಂದ ಬರಬೇಕು? ಅಕ್ಕನಿಗೂ ಅದು ಗೊತ್ತಿತ್ತು. ಆದರೂ ರಾಶಿಯ ಧೂಳು ಹೊಡೆಯುವಾಗಲೆಲ್ಲ ಯಾವ ಟೈಲ್ ಎಲ್ಲಿ ಬಂದರೆ ಚೆಂದ ಎಂದು ಒಬ್ಬಳೇ ಲೆಕ್ಕ ಹಾಕುತ್ತಿದ್ದಳು.

ಹೀಗಿರುವಾಗ ಭಾವನ ಬಲಮಂಡಿ ಕೈಕೊಟ್ಟಿತು. ಮೊದಮೊದಲು ಬೆಳಿಗ್ಗೆ ಎದ್ದಾಗ ಬಿಗಿತ, ಆಮೇಲೆ ಎದ್ದು ಕೂತರೆ ಕಟಕಟ ಸದ್ದು, ಆಮೇಲೆ ಊತ. ದೊಡ್ಡಾಸ್ಪತ್ರೆಯ ಡಾಕ್ಟರು ಎಕ್ಸರೇ ಎತ್ತಿ ಹಿಡಿದು, ಇದು ಸಂಧಿವಾತ, ಕೀಲಿನ ಮೆತ್ತೆ ಸವೆದಿದೆ, ವ್ಯಾಯಾಮದ ವಿಭಾಗಕ್ಕೆ ಹೋಗಿ ಎಂದರು. ಭಾವನ ಕಿವಿಗೆ ಬಿದ್ದದ್ದು 'ಸವೆದಿದೆ' ಎಂಬ ಒಂದೇ ಮಾತು. ಸವೆದದ್ದನ್ನು ಮತ್ತೆ ಗಟ್ಟಿ ಮಾಡುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲವಲ್ಲ! ಹೊಸ ಗಾರೆಯ ಮೇಲೆ ಯಾರೂ ಕಾಲಿಡಬಾರದು, ಒದ್ದೆ ಗೋಣಿ ಹಾಸಿ ಬಿಡಬೇಕು, ತಾನಾಗಿ ಕಲ್ಲಾಗುತ್ತದೆ. ಮನೆಗೆ ಬಂದವರೇ ಗೋಣಿಚೀಲ ಹರಿದು, ನೀರಲ್ಲಿ ಅದ್ದಿ, ಮಂಡಿಗೆ ಸುತ್ತಿಕೊಂಡು ಮಂಚ ಹಿಡಿದರು. ಬಚ್ಚಲಿಗೆ ಹೋಗಲೂ ನನ್ನ ಹೆಗಲು ಬೇಕು.

"ಭಾವ, ಇದೇನು ಮಂಡಿಯೋ, ಮಾಳಿಗೆಯೋ?" ಎಂದೆ.

"ನಿನಗೆ ಗಾಳಿ ಹಾಕೋದು ಬಿಟ್ರೆ ಏನು ಗೊತ್ತು? ಸುಮ್ನಿರು. ಹದಕ್ಕೆ ಬರ್ಲಿ."

ಹದಕ್ಕೆ ಬರಲಿಲ್ಲ. ವಾರಗಳು ಕಳೆದಂತೆ ಕಾಲು ಮರದ ಕೊರಡಿನಂತೆ ಬಿಗಿಯಿತು, ತೊಡೆ ಸೊರಗಿತು. ಮಂಚದಿಂದ ತೆರೆದ ಬಾಗಿಲಿನಲ್ಲಿ ಅಡುಗೆಮನೆಯ ನೆಲ ಕಾಣುತ್ತಿತ್ತು. ಭಾವ ಅದನ್ನೇ ನೋಡುತ್ತ ಮಲಗಿರುತ್ತಿದ್ದರು. ಒಂದು ಮಧ್ಯಾಹ್ನ ನಾನು ಪಕ್ಕದಲ್ಲಿ ಕೂತಿದ್ದಾಗ ಕೈಯನ್ನು ಮಂಚದಿಂದ ಕೆಳಕ್ಕೆ ಇಳಿಬಿಟ್ಟರು. ಬೆರಳು ನೆಲಕ್ಕೆ ತಾಗಲಿಲ್ಲ.

"ನೆಲ ದೂರ ಆಯ್ತು ಕಣೋ" ಎಂದರು. "ಇಷ್ಟು ವರ್ಷ ಕೈಗೆ ಸಿಗ್ತಿತ್ತು. ಇವಳ ಅಡುಗೆಮನೆ ಒಂದು ಮಾಡಿಬಿಟ್ಟಿದ್ರೆ... ಅದೊಂದು ಮಾಡಿ, ಒಂದೇ ಒಂದು ಸಲ ಮಲಗಿ ನೋಡ್ಬೇಕು. ಆಮೇಲೆ ಈ ಕಾಲು ಏನಾದ್ರೂ ಆಗ್ಲಿ."

ಮರುದಿನವೇ ಅಕ್ಕನೂ ನಾನೂ ಅವರನ್ನು ಎಳೆದುಕೊಂಡೇ ಆಸ್ಪತ್ರೆಯ ವ್ಯಾಯಾಮದ ವಿಭಾಗಕ್ಕೆ ಹೋದೆವು.

ಅಲ್ಲಿದ್ದವರು ಒಬ್ಬ ಚಿಕ್ಕ ವಯಸ್ಸಿನ ಹೆಂಗಸು. ನಾವು ವ್ಯಾಯಾಮದ ಡಾಕ್ಟರಮ್ಮ ಎಂದೇ ಕರೆದೆವು. ಗೋಣಿಯ ಕತೆ ಕೇಳಿ ನಗುತ್ತಾರೇನೋ ಎಂದುಕೊಂಡಿದ್ದೆ, ನಗಲಿಲ್ಲ. ಭಾವನ ಎರಡೂ ಕೈಗಳನ್ನು ಹಿಡಿದು ಅವರದೇ ತೊಡೆಗಳ ಮೇಲೆ ಇರಿಸಿದರು.

"ಏನು ವ್ಯತ್ಯಾಸ ಇದೆ, ನೀವೇ ಹೇಳಿ ಮೇಸ್ತ್ರಿ."

"ಬಲಗಡೆ ಇಳಿದಿದೆ."

"ಮಂಡಿಗೆ ಆಸರೆ ಇದೇ. ಈ ತೊಡೆ ಗಟ್ಟಿ ಇದ್ರೆ ಕೀಲಿನ ಮೇಲೆ ಭಾರ ಕಡಿಮೆ ಬೀಳತ್ತೆ. ನೀವು ಅಲ್ಲಾಡಿಸದೆ ಅದನ್ನೇ ಸೊರಗಿಸಿದೀರಿ. ಸಿಮೆಂಟು ಸುಮ್ನಿದ್ರೆ ಗಟ್ಟಿಯಾಗತ್ತೆ. ಕಾಲು ಸುಮ್ನಿದ್ರೆ ಬಿಗಿಯತ್ತೆ, ಅಷ್ಟೇ."

ಡಾಕ್ಟರಮ್ಮ ತಾವೇ ಮಂಚದ ಮೇಲೆ ಕೂತು ಒಂದೊಂದನ್ನೇ ಮಾಡಿ ತೋರಿಸಿದರು. ಬಿಗಿತ ಹೆಚ್ಚಿರುವ ಬೆಳಿಗ್ಗೆ ಮೊದಲು ಬೆಚ್ಚನೆಯ ಬಟ್ಟೆಯ ಶಾಖ. ಆಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ ಹಿಡಿದು ಬಿಡುವುದು. ಅಂಗಾತ ಮಲಗಿ ಒಂದು ಮಂಡಿ ಮಡಚಿ, ಇನ್ನೊಂದು ಕಾಲನ್ನು ನೆಟ್ಟಗೆ ಮೇಲೆತ್ತಿ ನಿಧಾನವಾಗಿ ಇಳಿಸುವುದು. ಕುರ್ಚಿಯಲ್ಲಿ ಕೂತು ಪಾದವನ್ನು ಮುಂದಕ್ಕೆ ಚಾಚುವುದು. ಎತ್ತರದ ಕುರ್ಚಿಯಿಂದ, ಮೊದಲು ಕೈ ಊರಿ, ಏಳುವುದು, ಕೂರುವುದು. ಮಟ್ಟಸವಾದ ರಸ್ತೆಯಲ್ಲಿ ಮೆತ್ತನೆಯ ಚಪ್ಪಲಿ ಹಾಕಿಕೊಂಡು ಸ್ವಲ್ಪ ಸ್ವಲ್ಪವೇ ನಡಿಗೆ. ಭಾವ ಊರುಗೋಲನ್ನು ನೋವಿನ ಕಾಲಿನ ಕಡೆಯೇ ಹಿಡಿದಿದ್ದರು, ಅದನ್ನು ಬಿಡಿಸಿ ಎಡಗೈಗೆ ಕೊಟ್ಟರು.

"ಮಾಡುವಾಗ ಸ್ವಲ್ಪ ನೋವಾದ್ರೆ ಹೆದರ್ಬೇಡಿ" ಎಂದರು. "ಮಾರನೇ ದಿನ ನೋವು ಜಾಸ್ತಿಯಾಗಿದ್ರೆ, ಊದಿದ್ರೆ, ಹೆಚ್ಚು ಮಾಡಿದೀರಿ ಅಂತ ಅರ್ಥ. ಆಗ ಕಡಿಮೆ ಮಾಡಿ, ಪೂರ್ತಿ ನಿಲ್ಲಿಸ್ಬೇಡಿ. ಚುಚ್ಚಿದ ಹಾಗೆ ನೋವು ಬಂದ್ರೆ, ಮಂಡಿ ಸಿಕ್ಕಿಹಾಕ್ಕೊಂಡ್ರೆ ಅಲ್ಲಿಗೇ ಬಿಟ್ಟು ನನ್ನ ಹತ್ರ ಬನ್ನಿ."

"ಮತ್ತೆ ಮಂಡಿಯೂರಿ ಕೂರಬಹುದಾ ಡಾಕ್ಟರಮ್ಮ?"

"ಮೊದಲು ನಡೀರಿ. ಆಮೇಲೆ ಮಾತಾಡೋಣ."

ಆ 'ಆಮೇಲೆ'ಯನ್ನು ಭಾವ ಗಂಟು ಹಾಕಿಕೊಂಡು ಮನೆಗೆ ಬಂದರು. ಅಲ್ಲಿಂದ ಶುರುವಾಯಿತು ಅವರ ವ್ರತ. ಬೆಳಗಾದರೆ ಟವೆಲ್ ಒತ್ತುವುದು. ಒತ್ತುವಾಗ ಉಸಿರು ಬಿಗಿಹಿಡಿದು ಮುಖ ಕೆಂಪಗೆ ಮಾಡಿಕೊಳ್ಳುವರು, ಒಲೆಯ ಮುಂದಿನಿಂದಲೇ ಅಕ್ಕ "ಉಸಿರು ಬಿಡಿ ರೀ, ಯಾರೂ ಕಸಕೊಳ್ಳಲ್ಲ" ಎನ್ನುವಳು. ಮೊದಲ ವಾರ ಆಸೆಗೆ ಬಿದ್ದು ಹೇಳಿದ್ದರ ಎರಡರಷ್ಟು ಮಾಡಿ, ಮರುದಿನ ಮಂಡಿ ಊದಿಸಿಕೊಂಡು ಅಕ್ಕನಿಂದ ಬೈಸಿಕೊಂಡರು. ಆಮೇಲೆ ಹದ ಸಿಕ್ಕಿತು.

ಅಡುಗೆಮನೆಯ ಹಿಂಬಾಗಿಲಿನಿಂದ ಹಿತ್ತಲಿಗೆ ಕಡಿದಾದ ಮೆಟ್ಟಿಲುಗಳಿವೆ. ನಮ್ಮ ಓಣಿ ತಗ್ಗು, ಹಿತ್ತಲಲ್ಲಿ ನಿಂತರೆ ಅಡುಗೆಮನೆಯ ಹೊಸ್ತಿಲು ಎದೆಯ ಎತ್ತರಕ್ಕೆ ಬರುತ್ತದೆ. ಮಂಡಿ ಹೋದ ಮೇಲೆ ಭಾವ ಆ ಮೆಟ್ಟಿಲು ಇಳಿದೇ ಇರಲಿಲ್ಲ. ಡಾಕ್ಟರಮ್ಮ ಮೆಟ್ಟಿಲಿನ ಅಭ್ಯಾಸಕ್ಕೆ ಒಪ್ಪಿದ ದಿನ ನಾನು ಅಂಗಡಿಯಿಂದ ಕಬ್ಬಿಣದ ಪೈಪು ತಂದು ಗೋಡೆಗೆ ಹಿಡಿಕೆ ಜಡಿದೆ. ಹತ್ತುವಾಗ ಒಳ್ಳೆಯ ಕಾಲು ಮುಂದೆ, ಇಳಿಯುವಾಗ ನೋವಿನ ಕಾಲು ಮುಂದೆ, ಕೈ ಹಿಡಿಕೆಯ ಮೇಲೆ. ಭಾವ ಇಳಿಯುವಾಗಲೆಲ್ಲ ಅದನ್ನು ಮಗ್ಗಿಯಂತೆ ಬಾಯಲ್ಲೇ ಹೇಳಿಕೊಳ್ಳುವರು. ಕೆಲವು ತಿಂಗಳಲ್ಲಿ ನನ್ನ ಅಂಗಡಿಯವರೆಗೆ ತಾವೇ ನಡೆದುಬಂದು, ನಾನು ಸ್ಪೋಕು ಬಿಗಿಯುವುದರಲ್ಲಿ ತಪ್ಪು ಹುಡುಕತೊಡಗಿದರು. ಗುಣವಾಗುತ್ತಿದೆ ಎಂದು ಆಗ ನನಗೆ ಖಾತ್ರಿಯಾಯಿತು.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಭಾವ ಆ ಗಂಟು ಬಿಚ್ಚಿದರು. "ಈಗ ಹೇಳಿ. ಮಂಡಿಯೂರಬಹುದಲ್ಲ? ಒಂದೇ ಒಂದು ನೆಲ. ನಮ್ಮದೇ."

ಡಾಕ್ಟರಮ್ಮ ಅವರ ಮಂಡಿಯನ್ನು ಒಮ್ಮೆ ಮಡಚಿ ಬಿಡಿಸಿ ನೋಡಿದರು. "ಮೇಸ್ತ್ರಿ, ನಡೆಯೋದು, ಹತ್ತೋದು, ಇಳಿಯೋದು, ಇದು ನಿಮ್ಮದು. ದಿನಾ ಮಾಡ್ತಾ ಇದ್ರೆ ಇನ್ನೂ ಸುಧಾರಿಸತ್ತೆ. ಮಂಡಿ ಮೇಲೆ ಕೂತು ಗಂಟೆಗಟ್ಟಲೆ ಕೆಲಸ ಮಾತ್ರ ಬೇಡ. ಇನ್ನು ಮುಂದೆ ಬೇಡ."

"ಸರಿ" ಎಂದರು ಭಾವ. ದಾರಿಯುದ್ದಕ್ಕೂ ಒಂದು ಮಾತಿಲ್ಲ. ನಾನು ಏನೋ ತಮಾಷೆ ಮಾಡಹೋದೆ, ಅಕ್ಕ ಕಣ್ಣಲ್ಲೇ ಗದರಿಸಿದಳು.

ಸುಮ್ಮನಿದ್ದಾರೆ ಎಂದರೆ ಒಪ್ಪಿದ್ದಾರೆ ಎಂದು ತಿಳಿದದ್ದು ನಮ್ಮ ದಡ್ಡತನ. ಅಕ್ಕ ಮಾರುಕಟ್ಟೆಗೆ ಹೋದ ಒಂದು ಬೆಳಿಗ್ಗೆ ಭಾವ ಮಂಚದ ಕೆಳಗಿನ ರಾಶಿ ಎಳೆದು, ಗಾರೆ ಕಲಸಿ, ಸಾಲು ನೇರ ಬರಲು ದಾರ ಕಟ್ಟಿ, ಹಳೆಯ ದಿಂಬಿನ ಮೇಲೆ ಮಂಡಿಯೂರಿಯೇಬಿಟ್ಟರು. ಅಕ್ಕ ವಾಪಸು ಬಂದಾಗ ಗೋಡೆಯ ಪಕ್ಕದಲ್ಲಿ ಟೈಲ್ಸಿನ ಒಂದು ಸಾಲು ಕೂತಿತ್ತು, ಅದರ ಮುಂದೆ ಹಸಿ ಗಾರೆಯ ಮೇಲೆ ಭಾವ ಕೂತಿದ್ದರು. ಏಳಲು ಆಗಿರಲಿಲ್ಲ. ಎಷ್ಟು ಹೊತ್ತಿನಿಂದ ಹಾಗೇ ಇದ್ದರೋ. ಅಕ್ಕನ ಕೂಗಿಗೆ ನಾನು ಗ್ರೀಸು ಕೈಯಲ್ಲೇ ಓಡಿದೆ. ಇಬ್ಬರೂ ಎರಡು ಕಡೆ ಹಿಡಿದು ಎತ್ತಿದೆವು. ಪ್ಯಾಂಟಿಗೆ ಗಾರೆ ಹಿಡಿದು ಗಟ್ಟಿಯಾಗುತ್ತಿತ್ತು. ಬೈಯಬೇಕೆಂದು ಬಾಯಿ ತೆರೆದೆ, ಭಾವನ ಕಣ್ಣಲ್ಲಿ ನೀರು ಕಂಡು ಮುಚ್ಚಿಕೊಂಡೆ.

"ಇವಳಿಗೆ ಇದೊಂದು ಮಾಡಿಕೊಡೋಕಾಗಲಿಲ್ಲ" ಎಂದರು, ಗೋಡೆಯ ಕಡೆ ತಿರುಗಿ.

ಮಂಡಿ ಬನ್ನಿನಂತೆ ಊದಿತ್ತು. ಡಾಕ್ಟರಮ್ಮ ಈ ಸಲವೂ ಬೈಯಲಿಲ್ಲ, ಅದಕ್ಕೇ ಭಾವನಿಗೆ ಹೆಚ್ಚು ನಾಚಿಕೆಯಾದದ್ದು. ಟವೆಲ್ಲಿನಲ್ಲಿ ಸುತ್ತಿದ ಐಸು ಸ್ವಲ್ಪ ಸ್ವಲ್ಪ ಹೊತ್ತು ಇಡಿ, ಕೆಲವು ದಿನ ನಡಿಗೆ ಕಡಿಮೆ ಮಾಡಿ, ಟವೆಲ್ ಒತ್ತುವುದನ್ನು ಮಾತ್ರ ಬಿಡಬೇಡಿ ಎಂದು ಕಳಿಸಿದರು.

ಊತ ಇಳಿದ ಮೇಲೆ ಒಂದು ಬೆಳಿಗ್ಗೆ ಅಕ್ಕ ಎತ್ತರದ ಕುರ್ಚಿಯನ್ನು ಅಡುಗೆಮನೆಯ ಬಾಗಿಲಲ್ಲಿ ಹಾಕಿದಳು.

"ಕೂತ್ಕೊಳ್ಳಿ. ಒಂದು ಸಾಲು ಹಾಕಿ ಬಿಟ್ಟಿದೀರಿ, ನಂಗೆ ಓಡಾಡೋಕಾಗ್ತಿಲ್ಲ. ಮಿಕ್ಕಿದ್ದು ನಾನು ಹಾಕ್ತೀನಿ, ನೀವು ಬಾಯಲ್ಲಿ ಹೇಳಿ."

"ನಿನಗೆ ಕರಣೆ ಹಿಡಿಯೋಕೆ ಬರತ್ತಾ?"

"ಸೌಟು ಹಿಡಿಯೋಕೆ ಬರತ್ತೆ. ಕರಣೆ ಅದರ ಅಣ್ಣ ತಾನೇ?"

ಆ ದಿನಗಳ ಜಗಳ ಓಣಿಗೆಲ್ಲ ಕೇಳಿಸುತ್ತಿತ್ತು. ಗಾರೆ ತೆಳುವಾಯಿತು, ದಪ್ಪವಾಯಿತು, ದಾರ ಸಡಿಲವಾಯಿತು. ಭಾವ ಕುರ್ಚಿಯಲ್ಲಿ ಕೂತು ಒಂದು ಕಾಲು ಚಾಚುತ್ತ, ಇಳಿಸುತ್ತ, ಕಣ್ಣು ಮುಚ್ಚಿ ಕೇಳುವರು. ಅಕ್ಕ ಟೈಲ್ ಕೂರಿಸಿ ರಬ್ಬರ್ ಸುತ್ತಿಗೆಯಿಂದ ತಟ್ಟಿದರೆ ಸದ್ದಿನಲ್ಲೇ ಅವರಿಗೆ ಗೊತ್ತಾಗುತ್ತಿತ್ತು.

"ಪೊಳ್ಳು. ಎತ್ತು, ಎಡಮೂಲೆಗೆ ಗಾರೆ ಸಾಲದು."

ಒಂದು ಮಾತನ್ನು ಮಾತ್ರ ಅವರು ಜಗಳವಿಲ್ಲದೆ ಹೇಳುತ್ತಿದ್ದರು. ನಾಲ್ಕು ಟೈಲ್ ಕೂರಿಸಿದಳೋ ಇಲ್ಲವೋ, "ಏಳು" ಎನ್ನುವರು. "ಎದ್ದು ನಾಲ್ಕು ಹೆಜ್ಜೆ ಓಡಾಡು. ಮಂಡಿ ಕೆಳಗೆ ಆ ಸ್ಪಂಜು ಸರಿಯಾಗಿ ಹಾಕ್ಕೋ." ತಾವು ಮಾತ್ರ ಯಾವ ಮನೆಯಲ್ಲೂ ಊಟಕ್ಕಲ್ಲದೆ ಕೆಲಸದ ನಡುವೆ ಎದ್ದವರಲ್ಲ. ಅಕ್ಕ ಗೊಣಗಿದರೆ, "ನನ್ನದು ಹೋಯ್ತು, ನಿನ್ನದನ್ನೂ ಕಳ್ಕೋಬೇಡ. ಏಳು ಅಂದೆ" ಎನ್ನುವರು. ಅಕ್ಕ ಎದ್ದು, ಕಿಟಕಿಯವರೆಗೆ ಹೋಗಿ, ಬೆನ್ನು ಮಾಡಿಕೊಂಡು ಸ್ವಲ್ಪ ಹೊತ್ತು ನಿಂತು ಬರುವಳು.

ನೆಲ ಮುಗಿಯಿತು. ಯಾರ ಯಾರದೋ ಮನೆಯ ನೀಲಿ, ಹಳದಿ, ಕೆಂಪು ಎಲ್ಲ ಸೇರಿ ಒಂದು ನೆಲವಾಯಿತು. ಒದ್ದೆ ಗೋಣಿ ಹಾಸಿ, ಅಡುಗೆಯನ್ನು ಹೊರಕೋಣೆಗೆ ಸಾಗಿಸಿದರು. ಭಾವ ಬಾಗಿಲಲ್ಲಿ ನಿಂತು ಗೋಣಿಗೆ ನೀರು ಚಿಮುಕಿಸುವರು. "ಗೋಣಿ ಈಗ ಸರಿಯಾದ ಜಾಗಕ್ಕೆ ಬಂತು ನೋಡಿ ಭಾವ" ಎಂದೆ. ಬೈಯಲಿಲ್ಲ, ನಕ್ಕರು. ನಗುತ್ತಲೇ ನೆಲದತ್ತ ನೋಡಿದರು, ಆ ನೋಟ ನನಗೆ ಗುರುತಿತ್ತು. ಮಲಗಿ ನೋಡಬೇಕು. ನೆಲ ಸಿಕ್ಕಿತ್ತು, ಅದರ ಹತ್ತಿರ ಹೋಗುವ ದಾರಿ ಅವರಿಗೆ ಸಿಕ್ಕಿರಲಿಲ್ಲ.

ಗೋಣಿ ತೆಗೆದ ದಿನ ಬೆಳಿಗ್ಗೆ ನಾನು ಹಿತ್ತಲಲ್ಲಿ ಸೈಕಲ್ಲೊಂದರ ಚೈನು ತೊಳೆಯುತ್ತಿದ್ದೆ. ಭಾವ ಹಿಂಬಾಗಿಲಿಗೆ ಬಂದು ಅಭ್ಯಾಸದ ಮೆಟ್ಟಿಲು ಇಳಿಯತೊಡಗಿದರು. ಕೈ ಹಿಡಿಕೆಯ ಮೇಲೆ, ನೋವಿನ ಕಾಲು ಮುಂದೆ. ಕೊನೆಯ ಮೆಟ್ಟಿಲು ಇಳಿದು ತಿರುಗಿದವರು ಹಾಗೇ ನಿಂತುಬಿಟ್ಟರು. ಅಷ್ಟು ತಿಂಗಳು ದಿನಾ ಇಳಿದು ಹತ್ತಿದ ಜಾಗ ಅದು. ಮೆಟ್ಟಿಲಿನ ಪಕ್ಕಕ್ಕೆ ಸರಿದು, ಗೋಡೆಗೆ ಎದೆ ತಾಗಿಸಿ, ಸ್ವಲ್ಪವೇ ಬಾಗಿ, ಕೆನ್ನೆಯನ್ನು ಹೊಸ್ತಿಲ ಮೇಲಿಟ್ಟರು. ಒಂದು ಕಣ್ಣು ಮುಚ್ಚಿತು. ಎದುರಿನ ಬೀದಿ ಬಾಗಿಲಿನಿಂದ ಬೆಳಗಿನ ಬೆಳಕು ಹೊಸ ನೆಲದ ಮೇಲೆ ಓರೆಯಾಗಿ ಹರಿದು ಬರುತ್ತಿತ್ತು. ಮಂಡಿ ನೆಟ್ಟಗಿತ್ತು.

ನನಗೆ ತಡೆಯಲಾಗಲಿಲ್ಲ. ಹೋಗಿ ಪಕ್ಕದಲ್ಲಿ ನಾನೂ ಕೆನ್ನೆ ಇಟ್ಟೆ. ನೋಡಿದರೆ ಅಲ್ಲಲ್ಲಿ ಉಬ್ಬು, ಅಲ್ಲಲ್ಲಿ ತಗ್ಗು. ಒಲೆಕಟ್ಟೆಯ ಮುಂದೆ, ಮೊದಲು ಗುಳಿಯಿದ್ದ ಕಡೆ, ಎಲೆ ಚಿತ್ತಾರದ ಟೈಲಿನ ಮೂಲೆ ಎದ್ದು ಬೆರಳುದ್ದ ನೆರಳು ಬಿದ್ದಿತ್ತು. ಬೇರೆಯವರ ಮನೆಯಾಗಿದ್ದರೆ ಆ ಕ್ಷಣವೇ ಉಳಿ ಸುತ್ತಿಗೆ ಕೈಗೆ ಬರುತ್ತಿತ್ತು. ಭಾವನ ಬಲಗೈ ಬೆರಳುಗಳು ಕರಣೆ ಹಿಡಿದಂತೆ ಮಡಚಿ, ಬಿಡಿಸಿ, ಮಡಚಿದವು.

ಅಷ್ಟರಲ್ಲಿ ಅಕ್ಕ ಒಳಗಿನಿಂದ ಬಂದು ಒಲೆಯ ಮುಂದೆ, ಆ ಟೈಲಿನ ಪಕ್ಕದಲ್ಲೇ ನಿಂತಳು. ಹೊಸ್ತಿಲ ಮೇಲೆ ಎರಡು ತಲೆ ಕಂಡು ಅವಳಿಗೆ ಎಲ್ಲ ಅರ್ಥವಾಯಿತು.

"ಹೇಗಿದೆ?"

"ಅಕ್ಕ, ಆ ಮೂಲೆ" ಎಂದು ನಾನು ಬಾಯಿ ತೆರೆದೆ. ಭಾವ ನನ್ನ ತೋಳನ್ನು ಕಿತ್ತುಬರುವಂತೆ ಚಿವುಟಿದರು.

"ಆಯ್ತು" ಎಂದರು.

ಜೀವಮಾನದಲ್ಲಿ ಅವರು ನೆಲದ ವಿಷಯದಲ್ಲಿ ಹೇಳಿದ ಒಂದೇ ಸುಳ್ಳು ಅದು. ಹೇಳಿದ ಮೇಲೂ ಕೆನ್ನೆ ಎತ್ತಲಿಲ್ಲ.

ಈಗಲೂ ಅದೇ ನಡೆದಿದೆ. ಬೆಳಿಗ್ಗೆ ಶಾಖ, ಟವೆಲ್, ಕುರ್ಚಿ, ಮೆಟ್ಟಿಲು ಎಲ್ಲ ಮುಗಿಸಿ ಭಾವ ಹಿತ್ತಲಲ್ಲಿ ಹೊಸ್ತಿಲಿಗೆ ಕೆನ್ನೆಯಿಟ್ಟು ನಿಲ್ಲುತ್ತಾರೆ. ಇದನ್ನು ಡಾಕ್ಟರಮ್ಮ ಹೇಳಿಕೊಟ್ಟಿಲ್ಲ. ಎದ್ದ ಮೂಲೆಯನ್ನು ನೋಡುತ್ತಾರೆ, ಬೆರಳು ಮಡಚುತ್ತಾರೆ, ಅವರ ಕೈ ಅಲ್ಲಿಗೆ ಹೋಗುವುದಿಲ್ಲ. ನನಗೇ ನೋಡಲಾಗದೆ ಒಂದು ದಿನ ಅಕ್ಕನಿಗೆ ಗುಟ್ಟಾಗಿ ಹೇಳಿದೆ, "ಒಲೆ ಹತ್ರದ ಒಂದು ಟೈಲ್ ಎದ್ದಿದೆ, ನಾನು ಬಂದು ಕಿತ್ತು ಕೂರಿಸಿಕೊಡ್ತೀನಿ" ಎಂದು.

"ನನ್ನ ಕಾಲಿಗೆ ಮೊದಲ ದಿನವೇ ಸಿಕ್ಕಿತ್ತು" ಎಂದಳು ಅಕ್ಕ. "ಅದರ ತಂಟೆಗೆ ಹೋಗ್ಬೇಡ. ಸರಿ ಮಾಡಿಬಿಟ್ರೆ ಅವರು 'ಆಯ್ತು' ಅಂತ ಮುಖ ಎತ್ತಿ ಹೋಗಿಬಿಡ್ತಾರೆ."

ಭಾವ ಮೆಟ್ಟಿಲು ಇಳಿಯುವ ಸದ್ದು ಕೇಳಿದರೆ ಅಕ್ಕ ಒಲೆಯ ಮುಂದೆ ಆ ಟೈಲಿನ ಪಕ್ಕ ಬಂದು, ಹೊಸ್ತಿಲ ಕಡೆ ಮುಖ ಮಾಡಿ ನಿಲ್ಲುತ್ತಾಳೆ. ಅವರು ಹೊಸ್ತಿಲಿನಿಂದ ಮುಖ ಎತ್ತುವವರೆಗೂ ಅಲ್ಲಿಂದ ಕದಲುವುದಿಲ್ಲ.